ಮೊದಲ ಟ್ರೈಲರಿನ ಆಯ್ಕೆ: ಭಾರ ಕೂರುವುದೆಲ್ಲಿ?

ಎತ್ತಿನ ಗಾಡಿಗೆ ಹೇರು ಹೇರುವ ರೈತನಿಗೆ ಮುಂಭಾರ, ಹಿಂಭಾರ ಎಂಬ ಮಾತುಗಳು ಹೊಸವಲ್ಲ. ಮೂಟೆಗಳು ಅಚ್ಚಿನಿಂದ ಮುಂದಕ್ಕೆ ಸರಿದರೆ ನೊಗವು ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಸರಿದರೆ ಮೂಕಿ ಮೇಲೇಳುತ್ತದೆ. ಅಮೆರಿಕದ ಹೆದ್ದಾರಿಗಳಲ್ಲಿ ಉಕ್ಕು, ಮರ, ಯಂತ್ರಗಳನ್ನು ಸಾಗಿಸುವ ಭಾರಿ ವಾಹನಗಳೂ ಇದೇ ಸನ್ನೆಯ ನಿಯಮಕ್ಕೆ ಅಧೀನವಾಗಿವೆ. ಈ ವಾಹನದಲ್ಲಿ ಎಳೆಯುವ ಮುಂಭಾಗಕ್ಕೆ ಟ್ರ್ಯಾಕ್ಟರ್ ಎಂದೂ, ಅದಕ್ಕೆ ಕೊಂಡಿ ಹಾಕಿದ, ಸರಕು ಹೊರುವ ಹಿಂಭಾಗಕ್ಕೆ ಟ್ರೈಲರ್ ಎಂದೂ ಹೆಸರು. ಅಲ್ಲಿ ಅನೇಕರು ತಮ್ಮ ವಾಹನಕ್ಕೆ ತಾವೇ ಒಡೆಯರೂ ಚಾಲಕರೂ ಆಗಿ ಬಾಡಿಗೆಗೆ ದುಡಿಯುತ್ತಾರೆ. ಅಂಥವನೊಬ್ಬನು ಸಾಲ ಮಾಡಿ ತನ್ನ ಮೊದಲ ಟ್ರೈಲರನ್ನು ಕೊಳ್ಳಹೊರಟನೆನ್ನಿ. ಆಯ್ಕೆ ತಪ್ಪಿದರೆ ಸರಕು ಸಿಕ್ಕದೆ ಹೋದೀತು. ಸಾಲದ ಕಂತು ಮಾತ್ರ ತಪ್ಪದು. ಈ ಆಯ್ಕೆಗೆ ಭೌತಶಾಸ್ತ್ರವು ಹೇಗೆ ನೆರವಾಗುತ್ತದೆಂಬುದನ್ನು ನೋಡೋಣ.

ಎತ್ತರದ ಲೆಕ್ಕ

ತೆರೆದ ಟ್ರೈಲರುಗಳಲ್ಲಿ ಎರಡು ಬಗೆಗಳು ಮುಖ್ಯವಾದುವು. ಫ್ಲಾಟ್‌ಬೆಡ್ ಎಂಬುದು ಗೋಡೆಯಾಗಲಿ ಚಾವಣಿಯಾಗಲಿ ಇಲ್ಲದ ಒಂದೇ ಸಮತಟ್ಟಾದ ಜಗಲಿ. ನೆಲದಿಂದ ಅದರ ಎತ್ತರ ಸುಮಾರು 5 ಅಡಿ. ಸ್ಟೆಪ್ ಡೆಕ್ಕಿನಲ್ಲಿ ಮುಂದಿನ ಹತ್ತು ಹನ್ನೊಂದು ಅಡಿಗಳಷ್ಟು ಭಾಗ ಮಾತ್ರ ಎತ್ತರವಾಗಿದ್ದು, ಉಳಿದ ಭಾಗವು ಒಂದು ಮೆಟ್ಟಿಲಿನಂತೆ ಕೆಳಕ್ಕಿಳಿದು ನೆಲದಿಂದ ಸುಮಾರು ಮೂರೂವರೆ ಅಡಿ ಎತ್ತರದಲ್ಲಿರುತ್ತದೆ.

ಅಮೆರಿಕದ ಅನೇಕ ರಾಜ್ಯಗಳಲ್ಲಿ ಸರಕೂ ಸೇರಿ ವಾಹನದ ಎತ್ತರ 13 ಅಡಿ 6 ಅಂಗುಲವನ್ನು ಮೀರುವಂತಿಲ್ಲ. ಆದುದರಿಂದ ಫ್ಲಾಟ್‌ಬೆಡ್ಡಿನ ಮೇಲೆ ಎಂಟೂವರೆ ಅಡಿ, ಸ್ಟೆಪ್ ಡೆಕ್ಕಿನ ಮೇಲೆ ಹತ್ತು ಅಡಿ ಎತ್ತರದ ಸರಕನ್ನು ವಿಶೇಷ ಪರವಾನಗಿ ಇಲ್ಲದೆ ಸಾಗಿಸಬಹುದು. ಆದರೆ ಎತ್ತರದಲ್ಲಿ ಗಳಿಸಿದ್ದನ್ನು ಉದ್ದದಲ್ಲಿ ತೆರಬೇಕಾಗುತ್ತದೆ. 48 ಅಡಿಯ ಫ್ಲಾಟ್‌ಬೆಡ್ಡಿನಲ್ಲಿ 48 ಅಡಿಯ ತೊಲೆಯನ್ನೇ ಮಲಗಿಸಬಹುದು. ಅಷ್ಟೇ ಉದ್ದದ ಸ್ಟೆಪ್ ಡೆಕ್ಕಿನ ಕೆಳಜಗಲಿ ಸುಮಾರು 37 ಅಡಿ ಮಾತ್ರ. 40 ಅಡಿಯ ಕೊಳವೆಗಳನ್ನು ಅಲ್ಲಿಟ್ಟರೆ ಮೂರು ಅಡಿ ಹಿಂದಕ್ಕೆ ಚಾಚಿಕೊಳ್ಳುತ್ತವೆ.

ತೂಕದ ಲೆಕ್ಕ

ಅಂತರರಾಜ್ಯ ಹೆದ್ದಾರಿಗಳಲ್ಲಿ ವಾಹನ, ಸರಕು ಸೇರಿ ಒಟ್ಟು ತೂಕದ ಸಾಮಾನ್ಯ ಮಿತಿ 80,000 ಪೌಂಡು, ಎಂದರೆ ಸುಮಾರು 36,300 ಕಿಲೋಗ್ರಾಂ. ಟ್ರ್ಯಾಕ್ಟರ್ 18,000 ಪೌಂಡು, ಉಕ್ಕಿನ ಟ್ರೈಲರ್ 14,000 ಪೌಂಡು ತೂಗುತ್ತವೆಂದು ಭಾವಿಸಿದರೆ ಸರಕಿಗೆ ಉಳಿಯುವುದು 48,000. ಟ್ರೈಲರ್ ಅಲ್ಯೂಮಿನಿಯಮ್ಮಿನದಾಗಿ 10,000 ಪೌಂಡು ತೂಗಿದರೆ ಸರಕು 52,000ಕ್ಕೆ ಏರುತ್ತದೆ.

ಹಾಗಾದರೆ ಎಲ್ಲರೂ ಅಲ್ಯೂಮಿನಿಯಮ್ಮನ್ನೇ ಏಕೆ ಕೊಳ್ಳಬಾರದು? ಅದರ ಬೆಲೆ ಹೆಚ್ಚು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಲೋಹದ ಗುಣದಲ್ಲಿಯೇ ಇದೆ. ಉಕ್ಕಿನ ಸಾಪೇಕ್ಷ ಸಾಂದ್ರತೆ 7.85, ಅಲ್ಯೂಮಿನಿಯಮ್ಮಿನದು 2.7. ಆದರೆ ಬಾಗುವಿಕೆಯನ್ನು ತಡೆಯುವ ಯಂಗ್ ಗುಣಾಂಕವೂ ಸುಮಾರು ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಒಂದೇ ಆಕಾರದ ಎರಡು ತೊಲೆಗಳ ಮೇಲೆ ಒಂದೇ ಭಾರವನ್ನಿಟ್ಟರೆ ಅಲ್ಯೂಮಿನಿಯಮ್ಮಿನದು ಮೂರರಷ್ಟು ಬಾಗುತ್ತದೆ. ಆದುದರಿಂದ ಅದರ ತೊಲೆಗಳನ್ನು ಹೆಚ್ಚು ದಪ್ಪವಾಗಿ ಮಾಡಬೇಕಾಗುತ್ತದೆ. ಉಕ್ಕಿನ ತೊಲೆಗಳ ಮೇಲೆ ಅಲ್ಯೂಮಿನಿಯಮ್ಮಿನ ಹಾಸನ್ನು ಕೂಡಿಸಿದ ಟ್ರೈಲರುಗಳು ಇವೆರಡರ ನಡುವಣ ಒಂದು ರಾಜಿ.

ಸರಕು ಹರಡಿದೆಯೋ ಒಂದೆಡೆ ಕೂತಿದೆಯೋ ಎಂಬುದೂ ಮುಖ್ಯ. ಎರಡು ತುದಿಗಳಲ್ಲಿ ಆಧಾರವುಳ್ಳ ತೊಲೆಯ ನಟ್ಟನಡುವೆ ಭಾರವನ್ನಿಟ್ಟರೆ, ಅದೇ ಭಾರವನ್ನು ಉದ್ದಕ್ಕೂ ಹರಡಿದಾಗಿನ ಎರಡರಷ್ಟು ಬಾಗಿಸುವ ಪರಿಣಾಮ ನಡುವಿನಲ್ಲಿ ಉಂಟಾಗುತ್ತದೆ. ಮರದ ಹಲಗೆಗಳನ್ನು ಸುಖವಾಗಿ ಹೊರುವ ಟ್ರೈಲರಿಗೆ ಅಷ್ಟೇ ತೂಕದ ಒಂದು ಉಕ್ಕಿನ ಸುರುಳಿ ಅತಿಭಾರವಾಗಬಹುದು. ಕೊಳ್ಳುವವನು ಒಟ್ಟು ಸಾಮರ್ಥ್ಯವನ್ನಷ್ಟೇ ಅಲ್ಲದೆ, ನಾಲ್ಕು ಅಡಿಗಳಲ್ಲಿ ಎಷ್ಟು ತೂಕವನ್ನು ಇಡಬಹುದೆಂಬುದನ್ನೂ ತಯಾರಕನಲ್ಲಿ ವಿಚಾರಿಸಬೇಕು.

ಅಚ್ಚುಗಳ ನಡುವಣ ಅಂತರ

ಒಟ್ಟು ತೂಕದಂತೆಯೇ ಪ್ರತಿಯೊಂದು ಅಚ್ಚಿನ ತೂಕಕ್ಕೂ ಮಿತಿಯುಂಟು. ಸೇತುವೆಗಳ ರಕ್ಷಣೆಗಾಗಿ 1975ರಲ್ಲಿ ಅಮೆರಿಕವು ಒಂದು ಸೂತ್ರವನ್ನೇ ಶಾಸನವಾಗಿ ಮಾಡಿತು: ಅಚ್ಚುಗಳು ದೂರವಿದ್ದಷ್ಟೂ ಅವು ಹೊರಬಹುದಾದ ತೂಕ ಹೆಚ್ಚು. ಹತ್ತಿರ ಹತ್ತಿರವಿರುವ ಅಚ್ಚುಗಳ ಜೋಡಿಗೆ 34,000 ಪೌಂಡು ಮಿತಿ. ಅವುಗಳ ನಡುವೆ 10 ಅಡಿಯ ಅಂತರವಿದ್ದರೆ 40,000.

ಟ್ರ್ಯಾಕ್ಟರಿನ ಮುಂದಿನ ಅಚ್ಚಿಗೆ ವಾಡಿಕೆಯಂತೆ 12,000 ಪೌಂಡು, ಅದರ ಹಿಂದಿನ ಜೋಡಿಗೆ 34,000, ಟ್ರೈಲರಿನ ಜೋಡಿಗೆ 34,000 ಎಂದಿಟ್ಟುಕೊಳ್ಳಿ. ಮೊತ್ತ ಸರಿಯಾಗಿ 80,000. ಎಂದರೆ ಪೂರ್ಣ ಭಾರ ಹೇರಿದಾಗ ಕೂದಲೆಳೆಯಷ್ಟೂ ಹೆಚ್ಚುಕಡಮೆಗೆ ಎಡೆಯಿಲ್ಲ. ಟ್ರ್ಯಾಕ್ಟರಿನ ಕೊಂಡಿಗೂ ಟ್ರೈಲರಿನ ಅಚ್ಚುಗಳ ನಡುಬಿಂದುವಿಗೂ 36 ಅಡಿ ದೂರವಿದ್ದು, 48,000 ಪೌಂಡಿನ ಸರಕು ಮೂರು ಅಡಿ ಹಿಂದಕ್ಕೆ ಸರಿದರೆ, ಸನ್ನೆಯ ನಿಯಮದಂತೆ 4,000 ಪೌಂಡು ಭಾರ ಮುಂದಿನಿಂದ ಹಿಂದಿನ ಅಚ್ಚುಗಳಿಗೆ ಹೋಗುತ್ತದೆ. ಒಟ್ಟು ತೂಕ ಮಿತಿಯೊಳಗೇ ಇದ್ದರೂ ಚಾಲಕನು ತೂಕದ ಕಟ್ಟೆಯಲ್ಲಿ ದಂಡ ತೆರಬೇಕಾದೀತು.

ಅಚ್ಚುಗಳನ್ನು 10 ಅಡಿ ದೂರವಿರಿಸಿದ ಟ್ರೈಲರಿನಲ್ಲಿ ಈ 4,000 ಪೌಂಡು ನಿರಾತಂಕವಾಗಿ ಅಡಗುತ್ತದೆ. ಅದು ಹೆಚ್ಚು ಸರಕನ್ನು ಕೊಡುವುದಿಲ್ಲ. ಸರಕನ್ನು ಇಡುವ ಸ್ವಾತಂತ್ರ್ಯವನ್ನು ಕೊಡುತ್ತದೆ. ಅದಕ್ಕೂ ಬೆಲೆಯುಂಟು. ಇಕ್ಕಟ್ಟಾದ ತಿರುವಿನಲ್ಲಿ ಎರಡು ಅಚ್ಚುಗಳ ಚಕ್ರಗಳೂ ಒಂದೇ ವೃತ್ತಕೇಂದ್ರವನ್ನು ಅನುಸರಿಸಲಾರದೆ ಅಡ್ಡಡ್ಡಲಾಗಿ ಉಜ್ಜಿಕೊಂಡು, ಟಯರುಗಳು ಬೇಗ ಸವೆಯುತ್ತವೆ.

ತಿರುವಿನಲ್ಲಿ ಗುರುತ್ವಕೇಂದ್ರ

ವಾಹನವು ಉರುಳುವ ಅಂಚನ್ನು ಅದರ ಅರ್ಧ ಅಗಲಕ್ಕೂ ಗುರುತ್ವಕೇಂದ್ರದ ಎತ್ತರಕ್ಕೂ ಇರುವ ನಿಷ್ಪತ್ತಿಯು ನಿರ್ಧರಿಸುತ್ತದೆ. ಚಕ್ರಗಳ ಅರ್ಧ ಅಗಲ 0.95 ಮೀಟರ್, ಗುರುತ್ವಕೇಂದ್ರ 2.1 ಮೀಟರ್ ಎತ್ತರದಲ್ಲಿದೆ ಎಂದರೆ, 60 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 59 ಕಿಲೋಮೀಟರ್ ವೇಗದಲ್ಲಿ ಒಳಗಡೆಯ ಚಕ್ರಗಳು ನೆಲ ಬಿಡುತ್ತವೆ. ಅದೇ ಸರಕು ಸ್ಟೆಪ್ ಡೆಕ್ಕಿನಲ್ಲಿ ಕುಳಿತು ಕೇಂದ್ರ 1.7 ಮೀಟರಿಗೆ ಇಳಿದರೆ ಈ ವೇಗ 65 ಕಿಲೋಮೀಟರ್ ಆಗುತ್ತದೆ. ಸ್ಪ್ರಿಂಗುಗಳೂ ಟಯರುಗಳೂ ಒಂದು ಬದಿಗೆ ಬಾಗುವುದರಿಂದ ನಿಜವಾದ ಅಂಚು ಇವೆರಡಕ್ಕೂ ಕಡಿಮೆಯೇ. ಇಳಿಸಿದ ಆ ಒಂದೂವರೆ ಅಡಿಯನ್ನು ಇನ್ನೂ ಎತ್ತರದ ಸರಕಿಗಾಗಿಯೇ ಬಳಸಿಕೊಂಡರೆ ಈ ಲಾಭ ಕರಗಿಹೋಗುತ್ತದೆಂಬುದನ್ನೂ ಚಾಲಕನು ಮರೆಯಬಾರದು.

ಆಯ್ಕೆ

ಕೊಳ್ಳುವ ಮೊದಲು ತನ್ನ ಸೀಮೆಯಲ್ಲಿ ವರ್ಷವಿಡೀ ದೊರೆಯುವ ಸರಕನ್ನು ಅವನು ಪಟ್ಟಿಮಾಡಬೇಕು. ಉದ್ದನೆಯ ತೊಲೆ, ಮರ, ಉಕ್ಕಿನ ಸುರುಳಿಗಳೇ ಹೆಚ್ಚಾಗಿದ್ದರೆ ಗಟ್ಟಿಮುಟ್ಟಾದ ಫ್ಲಾಟ್‌ಬೆಡ್ ಮೇಲು. ಎಂಟೂವರೆ ಅಡಿಗಿಂತ ಎತ್ತರವಾದ ಯಂತ್ರಗಳು ಮತ್ತೆ ಮತ್ತೆ ಬರುವಂತಿದ್ದರೆ ಸ್ಟೆಪ್ ಡೆಕ್ ಯೋಗ್ಯ. ವರ್ಷಕ್ಕೊಮ್ಮೆ ಬರುವ ಸರಕಿಗಾಗಿ ಅಲ್ಲ, ವಾರವಾರವೂ ಬರುವ ಸರಕಿಗಾಗಿ ಟ್ರೈಲರನ್ನು ಕೊಳ್ಳುವುದು ಲೇಸು.

ಈ ತತ್ತ್ವವನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಪರೀಕ್ಷಿಸಬಹುದು. ಅಡಿಕೋಲೊಂದರ ಎರಡು ತುದಿಗಳನ್ನು ಅಡಿಗೆಮನೆಯ ಎರಡು ತೂಕದ ಯಂತ್ರಗಳ ಮೇಲಿಡಿ. ನಡುವೆ ಒಂದು ತೂಕದ ಕಲ್ಲನ್ನಿಟ್ಟು, ಅಂಗುಲ ಅಂಗುಲವಾಗಿ ಒಂದು ಕಡೆಗೆ ಸರಿಸುತ್ತ ಎರಡೂ ಯಂತ್ರಗಳ ಅಂಕಿಗಳನ್ನು ಬರೆದುಕೊಳ್ಳಿ. ಮೊತ್ತ ಬದಲಾಗದು, ಪಾಲು ಮಾತ್ರ ಬದಲಾಗುತ್ತದೆ. ಟ್ರೈಲರಿನ ಒಡೆಯನು ಪ್ರತಿದಿನವೂ ಮಾಡಬೇಕಾದ ಲೆಕ್ಕ ಇದೇ.