ಮುಂಬಯಿಯ ನಿಸರ್ಗ: ನಿವಾಸಿಯ ಕಣ್ಣಿನಲ್ಲಿ

ನಿಸರ್ಗ ಸೌಂದರ್ಯದ ಮಾತು ಬಂದೊಡನೆ ಮುಂಬಯಿ ಕನ್ನಡಿಗರಾದ ನಾವು ಊರಿನ ಕಡೆಗೆ ಮುಖ ಮಾಡುತ್ತೇವೆ. ಜೋಗದ ಜಲಪಾತ, ಆಗುಂಬೆಯ ಸೂರ್ಯಾಸ್ತ, ಕರಾವಳಿಯ ತೆಂಗಿನ ತೋಟ, ಇವೇ ನಮ್ಮ ಪಾಲಿನ ಚೆಲುವು. ಮುಂಬಯಿಯೆಂದರೆ ಸಂಬಳ, ಲೋಕಲ್ ಗಾಡಿ ಮತ್ತು ಬೆವರು! ಹೀಗೆ ಐವತ್ತು ವಾರ ಕಣ್ಣು ಮುಚ್ಚಿಕೊಂಡಿದ್ದು ರಜೆಯ ಎರಡು ವಾರ ಮಾತ್ರ ತೆರೆಯುವುದು ಲಾಭದ ವ್ಯವಹಾರವಲ್ಲ. ಪ್ರವಾಸಿಯು ಒಂದು ಸ್ಥಳವನ್ನು ಒಂದು ಋತುವಿನಲ್ಲಿ ನೋಡಿ ಹೋಗುತ್ತಾನೆ. ವರ್ಷಚಕ್ರವನ್ನು ಪೂರ್ಣವಾಗಿ ಕಾಣುವ ಭಾಗ್ಯ ನಿವಾಸಿಗೆ ಮಾತ್ರ ಉಂಟು.

ಮುಂಬಯಿಯು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಉಷ್ಣವಲಯದ ನಗರ. ಆದ್ದರಿಂದಲೇ ಮೇ ತಿಂಗಳ ನಡುವಿನಲ್ಲೊಮ್ಮೆ, ಜುಲೈ ಕೊನೆಯಲ್ಲೊಮ್ಮೆ ಸೂರ್ಯನು ಇಲ್ಲಿ ನೇರ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ಅಂದು ಮಧ್ಯಾಹ್ನ ಕ್ಷಣಕಾಲ ನೆರಳೇ ಇರುವುದಿಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿರುವ ದೆಹಲಿಯ ಬಂಧುಗಳಿಗೆ ಈ ನೋಟ ಎಂದೂ ದೊರೆಯದು. ಇಲ್ಲಿಯೂ ಜುಲೈ ತಿಂಗಳ ನೋಟವನ್ನು ಬಹುಮಟ್ಟಿಗೆ ಮೋಡಗಳೇ ಮರೆಮಾಡುತ್ತವೆ.

ಈ ಬಿಸಿಲು ಮಳೆಗಳೇ ನಮ್ಮ ಹೂವಿನ ಪಂಚಾಂಗವನ್ನು ಬರೆಯುತ್ತವೆ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಬೊರಿವಲಿಯ ಕಾಡಿನಲ್ಲಿ ಮುತ್ತುಗ, ಬೂರುಗಗಳು ಎಲೆ ಉದುರಿದ ಕೊಂಬೆಗಳ ಮೇಲೆ ಕೆಂಪಾಗಿ ಅರಳುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ರಸ್ತೆಯ ಬದಿಯ ಕಕ್ಕೆ ಬಂಗಾರದ ಗೊಂಚಲುಗಳನ್ನು ಇಳಿಬಿಡುತ್ತದೆ. ಅದೇ ಕಾಲಕ್ಕೆ ನೇರಳೆ ಬಣ್ಣದಲ್ಲಿ ಅರಳುವ ಹೊಳೆದಾಸವಾಳವನ್ನು ಮರಾಠಿಗರು ತಾಮ್ಹಣ್ ಎನ್ನುತ್ತಾರೆ. ಅದು ಮಹಾರಾಷ್ಟ್ರದ ರಾಜ್ಯಪುಷ್ಪ. ಜೂನ್ ತಿಂಗಳಲ್ಲಿ ಮುಂಗಾರು ಇಳಿಯಿತೆಂದರೆ ವರ್ಷದ ಎರಡು ಸಾವಿರ ಮಿಲಿಮೀಟರಿಗೂ ಮೀರಿದ ಮಳೆಯಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಸುರಿದು, ಕಪ್ಪು ಬಂಡೆಗಳೂ ಹಸಿರಾಗುತ್ತವೆ. ಚಳಿಗಾಲದಲ್ಲಿ ಠಾಣೆಯ ಖಾರಿಗೆ ರಾಜಹಂಸಗಳು ಸಾವಿರಾರು ಸಂಖ್ಯೆಯಲ್ಲಿ ಬಂದಿಳಿಯುತ್ತವೆ.

ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ವಿಸ್ತಾರ ನೂರು ಚದರ ಕಿಲೋಮೀಟರಿಗೂ ಅಧಿಕ. ಜನನಿಬಿಡ ಮಹಾನಗರದ ನಡುವೆ ಚಿರತೆಗಳು ನೆಲೆಸಿರುವ ಇಂಥ ಕಾಡು ಅಪೂರ್ವವೇ ಸರಿ. 1860ರಲ್ಲಿ ಪೂರ್ಣಗೊಂಡ ವಿಹಾರ, 1879ರಲ್ಲಿ ಪೂರ್ಣಗೊಂಡ ತುಳಸಿ ಕೆರೆಗಳು ಈ ಕಾಡಿನ ಮಳೆನೀರನ್ನು ಹಿಡಿದು ಇಂದಿಗೂ ನಗರಕ್ಕೆ ಉಣಿಸುತ್ತಿವೆ. ಇಲ್ಲಿನ ಕಾರ್ವಿ ಎಂಬ ಪೊದೆಯು ಎಂಟು ವರ್ಷಗಳಿಗೊಮ್ಮೆ ಸಾಮೂಹಿಕವಾಗಿ ಹೂಬಿಡುತ್ತದೆ. ಅದು ಬಾಬಾಬುಡನ್ ಗಿರಿಯ ಕುರಿಂಜಿಯ ಹತ್ತಿರದ ಸಂಬಂಧಿ. 2016ರಲ್ಲಿಯೂ 2024ರಲ್ಲಿಯೂ ಅದು ಅರಳಿತು. ಮುಂದಿನ ಬಾರಿ ನೋಡಬೇಕಾದವರು ಇಲ್ಲಿಯೇ ಉಳಿದು ಕಾಯಬೇಕು.

ಇದೇ ಕಾಡಿನ ಕನ್ಹೇರಿ ಬೆಟ್ಟದಲ್ಲಿ ಬೌದ್ಧ ಭಿಕ್ಷುಗಳು ಕೊರೆದ ನೂರಕ್ಕೂ ಮಿಕ್ಕಿದ ಗುಹೆಗಳಿವೆ. ಗುಹೆಗಳ ಬದಿಯಲ್ಲಿ ಮಳೆನೀರಿನ ತೊಟ್ಟಿಗಳಿವೆ. ಅಲ್ಲಿನ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಹೆಸರಿದೆ. ಈ ನೆಲವನ್ನು ಪರಸ್ಥಳವೆಂದು ಭಾವಿಸುವ ಕನ್ನಡಿಗರು ಇದನ್ನು ಅವಶ್ಯ ನೆನೆಯಬೇಕು.

ನಿಸರ್ಗ ದರ್ಶನವು ಕೇವಲ ಕಣ್ಣಿನ ಹಬ್ಬವಲ್ಲ, ದೇಹಕ್ಕೂ ಹಿತ. ಅಮೆರಿಕದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೊಳಗಾದವರ ದಾಖಲೆಗಳನ್ನು ರೋಜರ್ ಉಲ್ರಿಚ್ ಎಂಬ ಸಂಶೋಧಕರು ಪರಿಶೀಲಿಸಿ 1984ರಲ್ಲಿ ಪ್ರಕಟಿಸಿದರು. ಕಿಟಕಿಯಿಂದ ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಮರಗಳು ಕಾಣುತ್ತಿದ್ದವರು ಬೇಗನೆ ಮನೆಗೆ ತೆರಳಿದ್ದರು. ಪ್ರಬಲವಾದ ನೋವಿನ ಔಷಧಿಗಳೂ ಅವರಿಗೆ ಕಡಿಮೆ ಬೇಕಾಗಿದ್ದವು. ರೋಗಿಗಳ ಸಂಖ್ಯೆ ಸಣ್ಣದಾದರೂ ಆ ಅಧ್ಯಯನವು ವಿಚಾರಾರ್ಹ. ವಯಸ್ಕರಿಗೆ ವಾರದಲ್ಲಿ ಕನಿಷ್ಠ 150 ನಿಮಿಷಗಳ ಮಧ್ಯಮ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಐದು ಮುಂಜಾನೆ ಅರ್ಧ ಗಂಟೆ ಬಿರುಸಾಗಿ ನಡೆದರೆ ಆ ಲೆಕ್ಕ ಸರಿಹೋಗುತ್ತದೆ. ಮರಗಳಿರುವ ಹಾದಿಯನ್ನು ಆರಿಸಿಕೊಂಡರೆ ನಡಿಗೆಯು ಬೇಸರ ತರದು. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಹೊರಡಬೇಕು. ಮಳೆಗಾಲದಲ್ಲಿ ನಿಂತ ನೀರನ್ನು ತುಳಿಯಬಾರದು. ಅದರಲ್ಲಿ ಇಲಿಜ್ವರದ ಭಯವಿದೆ.

ಕಂಡದ್ದನ್ನು ಮಾತ್ರ ಮನುಷ್ಯ ಕಾಪಾಡುತ್ತಾನೆ. ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವ ಗಿಡಗಳು ಮುಂಬಯಿಯ ಖಾರಿಗಳ ಕೆಸರಿನಲ್ಲಿ ಬೇರೂರಿ ದಂಡೆಯನ್ನು ಹಿಡಿದು ನಿಂತಿವೆ. ಅವುಗಳ ಬೇರಿನ ಆಸರೆಯಲ್ಲಿಯೇ ಮೀನು, ಸಿಗಡಿಗಳ ಮರಿಗಳು ಬೆಳೆಯುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ಮಿಠಿ ನದಿಯ ಪಾತ್ರವನ್ನೂ ಅದರ ದಂಡೆಯ ಕಾಂಡ್ಲಾವನ್ನೂ ಒತ್ತರಿಸಿದ್ದರ ಫಲವನ್ನು ನಗರವು ಅನುಭವಿಸಿತು. ಪ್ರಕೃತಿಯು ನಮಗಿತ್ತ ಅಸಲು ಇದು. ಬಡ್ಡಿಯಲ್ಲಿ ಬಾಳಬೇಕೇ ಹೊರತು ಅಸಲನ್ನೇ ತಿಂದರೆ ಮಕ್ಕಳಿಗೆ ಸಾಲ ಮಾತ್ರ ಉಳಿದೀತು. ಠಾಣೆ ಖಾರಿಯನ್ನು 2015ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದು ಘೋಷಿಸಲಾಯಿತು; 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು. ಇದು ಸಮಾಧಾನದ ಸಂಗತಿ.

ನಮ್ಮಲ್ಲಿ ಬಹುಮಂದಿ ಇಲ್ಲಿಯೇ ಮನೆ ಮಾಡಿದ್ದೇವೆ. ನಮ್ಮ ಮಕ್ಕಳಿಗಂತೂ ಇದೇ ಹುಟ್ಟೂರು. ಅವರಿಗೆ ಕಕ್ಕೆ, ಮುತ್ತುಗ, ಹೊಳೆದಾಸವಾಳಗಳ ಹೆಸರುಗಳನ್ನು ಕನ್ನಡದಲ್ಲಿ ಹೇಳಿಕೊಟ್ಟರೆ ಭಾಷೆಯೂ ಉಳಿಯುತ್ತದೆ, ನೆಲದ ನಂಟೂ ಬೆಳೆಯುತ್ತದೆ. ನಮ್ಮ ಸಂಘಗಳು ಸಭಾಂಗಣದ ಕಾರ್ಯಕ್ರಮಗಳ ಜೊತೆಗೆ ವರ್ಷಕ್ಕೆ ನಾಲ್ಕು ಬಾರಿ, ಋತುವಿಗೊಂದರಂತೆ, ಹಿರಿಯರು ಕಿರಿಯರೆಲ್ಲರೂ ಕೂಡಿ ನಡೆಯುವ ಒಂದು ಮುಂಜಾನೆಯನ್ನು ಏರ್ಪಡಿಸುವುದು ಉಚಿತ.