ಅವಳಿ ಕೂಸುಗಳಿರುವ ಮನೆ

ಅವಳಿ, ಜವಳಿ ಎಂಬ ಎರಡು ಮಾತುಗಳನ್ನು ನಾವು ಜೊತೆಜೊತೆಯಾಗಿಯೇ ಆಡುತ್ತೇವೆ. ಸಂಸ್ಕೃತದ ‘ಯಮಲ’ ಕನ್ನಡದಲ್ಲಿ ‘ಜವಳ’ವಾಯಿತು, ‘ಯಮ’ನು ‘ಜವ’ನಾದ ದಾರಿಯಲ್ಲಿಯೇ ಇದೂ ನಡೆದು ಬಂದಿದೆ. ‘ಯಮ’ ಎಂಬುದಕ್ಕೂ ಜೋಡಿ ಎಂಬ ಅರ್ಥವುಂಟು. ಯಮನೂ ಯಮಿಯೂ ಅವಳಿಗಳೆಂಬುದನ್ನು ನೆನೆದರೆ ಆ ಹೆಸರಿನ ಔಚಿತ್ಯ ತಿಳಿಯುತ್ತದೆ. ಅಂತೂ ಭಾಷೆಯ ಲೆಕ್ಕದಲ್ಲಿ ಅವಳಿಗಳೆಂದರೆ ಮೊದಲು ಜೋಡಿ, ಆಮೇಲೆ ಇಬ್ಬರು. ಮನೆಯೂ ಹಾಗೆಯೇ ಎಣಿಸತೊಡಗುತ್ತದೆ. “ಕೂಸುಗಳು ಎದ್ದವೇ?”, “ಕೂಸುಗಳಿಗೆ ನೀರು ಹಾಕಿದಿರಾ?” ಎಂದು ಕೇಳುವುದು ಸುಲಭ, ಎದ್ದದ್ದು ಯಾವುದು, ಎರೆಸಿಕೊಂಡದ್ದು ಯಾವುದು ಎಂದು ಹೇಳುವುದು ಕಷ್ಟ. ನನ್ನ ಮಗಳಿಗೆ ಅವಳಿ ಹೆಣ್ಣುಮಕ್ಕಳು ಹುಟ್ಟಿ ಈಗ ಹದಿನಾಲ್ಕು ತಿಂಗಳು. ಬಾಣಂತನ ನಮ್ಮ ಮನೆಯಲ್ಲಿಯೇ ನಡೆಯಿತು. ನಿವೃತ್ತನಾದವನಿಗೆ ತೊಟ್ಟಿಲು ತೂಗುವಷ್ಟು ಬಿಡುವು ಯಥೇಚ್ಛವಾಗಿರುತ್ತದೆ. ತೂಗುತ್ತ ಗಮನಿಸಿದ ಕೆಲವು ಸಂಗತಿಗಳನ್ನು ತಮ್ಮ ಮುಂದಿಡುತ್ತೇನೆ.

ನಮ್ಮ ಪುರಾಣಗಳಲ್ಲಿ ಅವಳಿಗಳಿಗೆ ಕೊರತೆಯಿಲ್ಲ. ಅಶ್ವಿನೀದೇವತೆಗಳು, ಅವರ ಅನುಗ್ರಹದಿಂದ ಮಾದ್ರಿಗೆ ಹುಟ್ಟಿದ ನಕುಲ ಸಹದೇವರು, ಲಕ್ಷ್ಮಣ ಶತ್ರುಘ್ನರು, ಕುಶಲವರು, ಎಲ್ಲರೂ ಗಂಡುಮಕ್ಕಳು. ಕೃಪ ಕೃಪಿಯರಲ್ಲಿ ಒಬ್ಬಳು ಹೆಣ್ಣು. ಇಬ್ಬರೂ ಹೆಣ್ಣಾದ ಜೋಡಿಯೊಂದು ಈ ಸಾಲಿನಲ್ಲಿ ಸೇರಲಿಲ್ಲ. ಮೇಲಾಗಿ, ಕವಿಗಳು ತೊಟ್ಟಿಲ ಬಳಿ ಹೆಚ್ಚು ಹೊತ್ತು ನಿಲ್ಲುವವರಲ್ಲ. ಶೇಕ್ಸ್‌ಪಿಯರ್ ಸ್ವತಃ ಅವಳಿ ಮಕ್ಕಳ ತಂದೆ. ಆತನ ಹ್ಯಾಮ್ನೆಟ್ ಮತ್ತು ಜೂಡಿತ್ 1585ರಲ್ಲಿ ಹುಟ್ಟಿದವರು. ಆದರೂ ಆತ ತನ್ನ ನಾಟಕಗಳ ಅವಳಿಗಳನ್ನು ಹಡಗೊಡೆದು ಬೇರ್ಪಡಿಸಿ, ಬೆಳೆದು ದೊಡ್ಡವರಾದ ಮೇಲೆಯೇ ರಂಗಕ್ಕೆ ತರುತ್ತಾನೆ. ರಾತ್ರಿ ಎರಡು ಗಂಟೆಗೆ ಹಾಲು ಕುಡಿದದ್ದು ಯಾರು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ಆದರೆ ರಾಮಾಯಣದ ಉತ್ತರಕಾಂಡ ಒಂದು ಸೂಕ್ಷ್ಮವನ್ನು ಬಿಟ್ಟಿಲ್ಲ. ಸೀತೆ ಹೆತ್ತ ರಾತ್ರಿ ವಾಲ್ಮೀಕಿಗಳು ದರ್ಭೆಯ ಹಿಡಿಯೊಂದನ್ನು ಮಂತ್ರಿಸಿ ವೃದ್ಧೆಯರ ಕೈಗೆ ಕೊಡುತ್ತಾರೆ. ಮೊದಲು ಹುಟ್ಟಿದವನನ್ನು ಕುಶದಿಂದ ಒರೆಸಬೇಕು, ಅನಂತರದವನನ್ನು ಲವದಿಂದ, ಹೆಸರುಗಳೂ ಅವೇ. ರಕ್ಷೆಗೆಂದು ಮಾಡಿದ ಕ್ರಿಯೆಯೇ ಗುರುತೂ ಆಯಿತು. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಒಬ್ಬಳ ಕಾಲಿಗೆ ಕಪ್ಪು ದಾರ, ಇನ್ನೊಬ್ಬಳ ಕಾಲಿಗೆ ಕೆಂಪು ದಾರ ಕಟ್ಟಿದಳು; ದೃಷ್ಟಿಬೊಟ್ಟನ್ನು ಒಬ್ಬಳಿಗೆ ಎಡಗೆನ್ನೆಗೆ, ಮತ್ತೊಬ್ಬಳಿಗೆ ಬಲಗೆನ್ನೆಗೆ ಇಟ್ಟಳು. ಆಶ್ರಮದ ಅಜ್ಜಿಯರಿಗೂ ಈ ಅಜ್ಜಿಗೂ ಇದ್ದ ಚಿಂತೆ ಒಂದೇ.

ಇನ್ನು ಹಿರಿಯಳು ಯಾರು ಎಂಬ ಜಿಜ್ಞಾಸೆ. ಗಡಿಯಾರದ ಪ್ರಕಾರ ನಮ್ಮವರ ನಡುವೆ ನಾಲ್ಕು ನಿಮಿಷಗಳ ಅಂತರ. ಆದರೆ ಭಾಗವತದ ನ್ಯಾಯ ಬೇರೆ. ದಿತಿ ಮೊದಲು ಹೆತ್ತದ್ದು ಹಿರಣ್ಯಾಕ್ಷನನ್ನು. ಅಣ್ಣನೆನಿಸಿದವನು ಮಾತ್ರ ಹಿರಣ್ಯಕಶಿಪು, ಮೊದಲು ಗರ್ಭಸ್ಥನಾದವನು ಅವನೆಂಬ ಕಾರಣಕ್ಕೆ. ಅವಳಿ ಹೆರಿಗೆ ಹೇರಳವಾಗಿರುವ ನೈಜೀರಿಯಾದ ಯೊರುಬಾ ಜನರಲ್ಲಿಯೂ ಇಂಥದೇ ಎಣಿಕೆ. ಮೊದಲು ಬಂದ ಕೂಸು ತೈವೊ, ಆಮೇಲಿನದು ಕೆಹಿಂದೆ, ಹಿರಿತನ ಕೆಹಿಂದೆಯದು. ಲೋಕ ಹೇಗಿದೆ ನೋಡಿ ಬಾ ಎಂದು ಕಿರಿಯದನ್ನು ಮುಂದೆ ಕಳುಹಿಸಿತಂತೆ. ನಮ್ಮ ಮನೆಯಲ್ಲಿ ಜನನ ಪ್ರಮಾಣಪತ್ರದ ಮಾತೇ ನಡೆಯುತ್ತದೆ.

ನಿತ್ಯದ ಸಂಗತಿಗೆ ಬರೋಣ. ಎಳೆಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಇಬ್ಬರೆಂದರೆ 16ರಿಂದ 24. ಒಬ್ಬೊಬ್ಬಳಿಗೆ ಅರ್ಧ ಗಂಟೆ ಎಂದಿಟ್ಟುಕೊಳ್ಳಿ. ತೇಗಿಸುವುದು, ಬಟ್ಟೆ ಬದಲಿಸುವುದು, ಮಲಗಿಸುವುದು ಬೇರೆ. ಒಬ್ಬಳಾದ ಮೇಲೆ ಒಬ್ಬಳಂತೆ ನಡೆಸಿದರೆ ತಾಯಿಯ ಪಾಲಿಗೆ ರಾತ್ರಿ ಎಂಬುದೇ ಉಳಿಯುವುದಿಲ್ಲ. ಆದ್ದರಿಂದಲೇ ಅನುಭವಿಗಳಾದ ದಾದಿಯರು ಒಂದು ಮಾತು ಹೇಳುತ್ತಾರೆ: ಒಬ್ಬಳು ಎದ್ದರೆ ಇನ್ನೊಬ್ಬಳನ್ನೂ ಎಬ್ಬಿಸಿ ಕುಡಿಸಿಬಿಡಿ. ನಿದ್ದೆಯಲ್ಲಿರುವ ಕೂಸನ್ನು ಎಬ್ಬಿಸಬಾರದೆಂದು ನಂಬಿದ ನಮ್ಮ ಹಿರಿಯರಿಗೆ ಇದು ಕ್ರೌರ್ಯವಾಗಿ ಕಂಡೀತು. ಆದರೆ ಮಗಳ ಮುಖ ನೋಡಿದವರಾರೂ ಆಕ್ಷೇಪಿಸುವಂತಿರಲಿಲ್ಲ. ಗಂಟು ಇರುವುದು ಇಲ್ಲಿಯೇ: ತಾಯಿಯನ್ನು ಉಳಿಸಿಕೊಳ್ಳಬೇಕಾದರೆ ಮಕ್ಕಳನ್ನು ಒಂದೆಂದು ಎಣಿಸಬೇಕು, ಮಕ್ಕಳನ್ನು ಬೆಳೆಸಬೇಕಾದರೆ ಇಬ್ಬರೆಂದು ಎಣಿಸಬೇಕು.

ಅಳುವ ಕೂಸಿಗೇ ಹಾಲು ಎನ್ನುತ್ತೇವಲ್ಲ, ಅವಳಿಗಳ ಮನೆಯಲ್ಲಿ ಈ ಲೋಕೋಕ್ತಿ ಅಪಾಯಕಾರಿ. ಅವಳಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು 37 ವಾರ ತುಂಬುವ ಮೊದಲೇ ಹುಟ್ಟುತ್ತಾರೆ. ನಮ್ಮವರು 35 ವಾರಕ್ಕೆ ಬಂದರು, ಒಬ್ಬಳು 2.1 ಕಿಲೋ, ಇನ್ನೊಬ್ಬಳು 1.7 ಕಿಲೋ. ತೂಕ ಕಡಮೆಯಾದ ಕೂಸಿಗೆ ಹಸಿವಿದ್ದರೂ ಅಳುವ ತ್ರಾಣವಿರುವುದಿಲ್ಲ, ಹಸಿದೇ ನಿದ್ರಿಸುತ್ತದೆ. ದೊಡ್ಡವಳು ಮನೆ ಕಿತ್ತುಹೋಗುವಂತೆ ಅರಚಿ ತನ್ನ ಪಾಲನ್ನು ಪಡೆಯುತ್ತಿದ್ದಳು. ಚಿಕ್ಕವಳ ಮೌನವನ್ನು ‘ಸಾಧು ಮಗು’ ಎಂದು ನೆಂಟರು ಹೊಗಳುತ್ತಿದ್ದರು. ಹೊಗಳಿಕೆಗೆ ಮರುಳಾಗದವಳು ನನ್ನ ಮಗಳೊಬ್ಬಳೇ. ಗೋಡೆಗೆ ಒಂದು ನೋಟುಪುಸ್ತಕವನ್ನು ತೂಗುಹಾಕಿ, ಎರಡು ಕಲಮುಗಳನ್ನು ಎಳೆದು, ಹಾಲು, ಮೂತ್ರ, ನಿದ್ದೆಯ ಹೊತ್ತುಗಳನ್ನು ಗುರುತಿಸತೊಡಗಿದಳು. ಮೂರು ಗಂಟೆಗೊಮ್ಮೆ ಚಿಕ್ಕವಳ ಅಂಗಾಲು ಉಜ್ಜಿ ಎಬ್ಬಿಸಲಾಗುತ್ತಿತ್ತು. ನಾನು ಓದಿದ ದಿನಚರಿ ಗ್ರಂಥಗಳಲ್ಲಿ ಆ ಪುಸ್ತಕದಷ್ಟು ಕಾತರದಿಂದ ಓದಿದ್ದು ಮತ್ತೊಂದಿಲ್ಲ.

ಕಾಂಗರೂ ಪದ್ಧತಿ ಎಂಬುದನ್ನೂ ಆಗಲೇ ಕಂಡೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾ ನಗರದಲ್ಲಿ ಡಾ. ಎಡ್ಗರ್ ರೇ ಇದನ್ನು ರೂಢಿಗೆ ತಂದರು. ಕೂಸನ್ನು ಬರಿಮೈಯಲ್ಲಿ ಎದೆಗೊತ್ತಿ ಹೊದಿಸಿಕೊಂಡರೆ, ದೊಡ್ಡವರ ಮೈಯ ಬಿಸಿಯೇ ಅದನ್ನು ಕಾಯುತ್ತದೆ. ಎದೆ ತಾಯಿಯದೇ ಆಗಬೇಕೆಂದಿಲ್ಲ. ಒಬ್ಬಳು ತಾಯಿಯ ಎದೆಯ ಮೇಲಿದ್ದಾಗ ಇನ್ನೊಬ್ಬಳು ಅಳಿಯನ ಎದೆಯ ಮೇಲೆ ಮಲಗುತ್ತಿದ್ದಳು. ಬಾಣಂತಿಯ ಕೋಣೆಗೆ ಗಂಡಸು ಕಾಲಿಡಬಾರದೆಂಬ ಕಟ್ಟಳೆ ಎರಡೇ ದಿನದಲ್ಲಿ ಮುರಿದುಬಿತ್ತು. ಬಾಣಂತಿಗೆ ನೀರು ಕಡಮೆ ಕೊಡಬೇಕೆಂಬ ಇನ್ನೊಂದು ಕಟ್ಟಳೆಯೂ ಮುರಿದದ್ದು ಒಳ್ಳೆಯದಾಯಿತು. ಇಬ್ಬರಿಗೆ ಹಾಲೂಡುವವಳಿಗೆ ನೀರು ತಡೆಯುವುದಕ್ಕಿಂತ ದೊಡ್ಡ ಅವಿವೇಕ ಬೇರಿಲ್ಲ.

ಈಗ ಒಂದು ವ್ಯಾಕರಣದ ಮಾತು. ಕನ್ನಡದಲ್ಲಿ ಮಗು, ಕೂಸು, ಶಿಶು ಎಲ್ಲವೂ ನಪುಂಸಕಲಿಂಗ. ಮಗು ಅತ್ತಿತು, ಕೂಸು ನಕ್ಕಿತು ಎನ್ನುತ್ತೇವೆ. ಈ ‘ಅದು’ ಎಂದು ‘ಅವಳು’ ಆಗುತ್ತದೆ ಎಂಬುದಕ್ಕೆ ಸೂತ್ರವಿಲ್ಲ. ಒಂದೇ ಕೂಸಿರುವ ಮನೆಯಲ್ಲಿ ಅವಸರವೂ ಇಲ್ಲ. ಆದರೆ ಎರಡು ತೊಟ್ಟಿಲುಗಳ ನಡುವೆ ನಿಂತು “ಅದು ಕುಡಿಯಿತೇ?” ಎಂದರೆ ಉತ್ತರ ಬರುವುದಿಲ್ಲ, “ಯಾವುದು?” ಎಂಬ ಮರುಪ್ರಶ್ನೆ ಬರುತ್ತದೆ. ನಾಮಕರಣದ ಮರುದಿನದಿಂದಲೇ ನಮ್ಮಲ್ಲಿ ಹೆಸರು ಹಿಡಿದು ಕರೆಯುವುದು ಅನಿವಾರ್ಯವಾಯಿತು. ಹೆಸರಿನ ಹಿಂದೆಯೇ ‘ಅವಳು’ ಬಂದಳು. ಆ ಹೆಸರುಗಳನ್ನು ಇಲ್ಲಿ ಹೇಳುವುದಿಲ್ಲ. ಅವು ಪ್ರಾಸಕ್ಕೆ ಸಿಕ್ಕ ಹೆಸರುಗಳಲ್ಲ ಎಂದರೆ ಸಾಕು. ಗೀತಾ ಎಂದರೆ ಸೀತಾ ತಿರುಗಿ ನೋಡುವ ಅವಸ್ಥೆ ಬೇಡವೆಂದು ತಾಯಿ ಹಟ ಹಿಡಿದಿದ್ದಳು.

ಹಟಕ್ಕೆ ಆಧಾರವಿಲ್ಲದಿಲ್ಲ. ಅವಳಿ ಮಕ್ಕಳು ಮಾತಿನಲ್ಲಿ ಕೊಂಚ ಹಿಂದೆ ಬೀಳುತ್ತಾರೆಂಬುದು ಬಹುಕಾಲದ ಅನುಭವ. ಇಂಗ್ಲೆಂಡಿನ ಮೈಕೆಲ್ ರಟರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೂರು ವರ್ಷದ ಅವಳಿಗಳು ಒಂಟಿಯಾಗಿ ಹುಟ್ಟಿದ ಮಕ್ಕಳಿಗಿಂತ ಸುಮಾರು ಮೂರು ತಿಂಗಳಷ್ಟು ಹಿಂದಿದ್ದರು. ಕಾರಣವನ್ನು ಅವರು ಹೆರಿಗೆಯ ತೊಡಕುಗಳಲ್ಲಿ ಕಾಣಲಿಲ್ಲ; ತಾಯಿಯೂ ಮಗುವೂ ಪರಸ್ಪರ ಆಡುವ ಮಾತು, ಒಡನಾಟಗಳಲ್ಲಿ ಕಂಡರು. ಇಬ್ಬರ ನಡುವೆ ಎಸೆದ ಮಾತು ಯಾರ ಮಡಿಲಿಗೂ ನೇರವಾಗಿ ಬೀಳುವುದಿಲ್ಲ. ಹಾಲನ್ನು ಎರಡು ಪಾಲು ಮಾಡಲು ಮರೆಯದ ಮನೆ ಮಾತನ್ನು ಪಾಲು ಮಾಡಲು ಮರೆಯುತ್ತದೆ.

ಮಾತಿನ ಪ್ರಸ್ತಾಪ ಬಂದುದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ನೋಡಲು ಬಂದವರಲ್ಲಿ ಅನೇಕರು, ವಿದ್ಯಾವಂತರೂ ಸೇರಿ, “ಎರಡೂ ಹೆಣ್ಣೇ?” ಎಂದು ಕೇಳಿದರು. ‘ಎರಡೂ’ ಎಂಬಲ್ಲಿಯ ಊಕಾರ ಲೆಕ್ಕ ಒಪ್ಪಿಸುತ್ತದೆ. ‘ಹೆಣ್ಣೇ’ ಎಂಬಲ್ಲಿಯ ಏಕಾರ ಸಂತಾಪ ಸೂಚಿಸುತ್ತದೆ. ಮಗಳು ಮೊದಮೊದಲು ಸುಮ್ಮನಿರುತ್ತಿದ್ದಳು. ಆಮೇಲೆ “ಇಬ್ಬರೂ” ಎಂದು ತಿದ್ದತೊಡಗಿದಳು. ಅಷ್ಟೇ. ವಸ್ತುಗಳನ್ನು ಎಣಿಸುವ ‘ಎರಡು’ ಹೋಗಿ ಮನುಷ್ಯರನ್ನು ಎಣಿಸುವ ‘ಇಬ್ಬರು’ ಬಂದಾಗ, ಹಿಂದಿನ ಏಕಾರವನ್ನು ಮತ್ತೆ ಎಳೆಯಲು ಕೇಳಿದವರಿಗೂ ಸಂಕೋಚವಾಗುತ್ತಿತ್ತು.

ಸಂಜೆಯ ಹೊತ್ತು ಒಬ್ಬೊಬ್ಬಳನ್ನೇ ಕಾಲು ಗಂಟೆ ಹೊರಗೆ ಕರೆದೊಯ್ಯುವುದು ಈಗ ನನ್ನ ಪಾಲಿನ ಕೆಲಸ. ಒಬ್ಬಳಿಗೆ ಸಂಪಗೆ ಮರದ ಅಳಿಲು ಬೇಕು; ಇನ್ನೊಬ್ಬಳಿಗೆ ಬೀದಿಯಲ್ಲಿ ಹೋಗುವ ಸೊಪ್ಪಿನ ಗಾಡಿಯವನ ಕೂಗು ಬೇಕು. ಚಿಕ್ಕವಳು ಕಳೆದ ವಾರ ಆ ಕೂಗಿನ ಕೊನೆಯ ಅಕ್ಷರವನ್ನು, ಅವನದೇ ಧಾಟಿಯಲ್ಲಿ, ಗಟ್ಟಿಯಾಗಿ ಎಳೆದಳು. ಗಾಡಿಯವನು ನಿಂತು ನೋಡಿ, ಯಾರು ಕೂಗಿದ್ದು ಎಂದು ಕೇಳಿದ. ಹೆಸರು ಹೇಳಿದೆ. ಮರುದಿನ ಅವನು ದೊಡ್ಡವಳನ್ನು ಅದೇ ಹೆಸರಿನಿಂದ ಕರೆದ. ಅವಳು ತಿರುಗಿ ನೋಡಲಿಲ್ಲ, ಅಳಿಲನ್ನೇ ನೋಡುತ್ತಿದ್ದಳು.