ಪಹಣಿಯ ಹೆಸರು, ತೋಟದ ದುಡಿಮೆ: ಮತ್ತಿಘಟ್ಟ ಪರಿಸರದಲ್ಲಿ ಕೃಷಿ ಸಹಾಯಧನ

ಶಿರಸಿ ತಾಲ್ಲೂಕಿನ ಮತ್ತಿಘಟ್ಟ ಹಾಗೂ ಅದರ ಸುತ್ತಲಿನ ಘಟ್ಟದ ಊರುಗಳಲ್ಲಿ ‘ಮನೆ’ ಎಂದರೆ ಬೇಸಾಯದ ಘಟಕವೆಂದೇ ಅರ್ಥ. ಕಣಿವೆಯ ಅಡಿಕೆ ತೋಟ, ಇಳಿಜಾರಿನ ಸೊಪ್ಪಿನ ಬೆಟ್ಟ, ಕೊಟ್ಟಿಗೆ, ಅಂಗಳ ಇವೆಲ್ಲವೂ ಕೂಡಿ ಒಂದು ಮನೆಯ ಬದುಕು ಸಾಗುತ್ತದೆ. ಈ ಮನೆಯನ್ನು ಸರ್ಕಾರದ ಸಹಾಯಧನವು ಹೇಗೆ ಗುರುತಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2019ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯು ವರ್ಷಕ್ಕೆ 6,000 ರೂಪಾಯಿಗಳನ್ನು ಮೂರು ಕಂತುಗಳಲ್ಲಿ ರೈತನ ಬ್ಯಾಂಕ್ ಖಾತೆಗೆ ನೀಡುತ್ತದೆ. ಅದೇ ವರ್ಷ ಕರ್ನಾಟಕ ಸರ್ಕಾರವು ಇದಕ್ಕೆ 4,000 ರೂಪಾಯಿಗಳನ್ನು ಸೇರಿಸಿತು. 2023ರಲ್ಲಿ ಆ ಹೆಚ್ಚುವರಿ ಮೊತ್ತ ನಿಂತಿತು. ಹಿಡುವಳಿ ಗುಂಟೆಗಳಲ್ಲಿರಲಿ, ಎಕರೆಗಳಲ್ಲಿರಲಿ ಮೊತ್ತ ಒಂದೇ. ತುಂಡು ತೋಟದವನಿಗೆ ಇದು ಮೈಲುತುತ್ತದ ಖರ್ಚಿಗಾದರೂ ಒದಗುವ ಹಣವೆಂಬುದನ್ನು ಅಲ್ಲಗಳೆಯಲಾಗದು.

ಯೋಜನೆಯ ಪ್ರಕಾರ ‘ಕುಟುಂಬ’ವೆಂದರೆ ಗಂಡ, ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳು. ಜಂಟಿ ಖಾತೆಯಲ್ಲಿ ಅಣ್ಣತಮ್ಮಂದಿರ ಹೆಸರುಗಳಿದ್ದರೆ ಅರ್ಹವಾದ ಪ್ರತಿಯೊಂದು ಕುಟುಂಬಕ್ಕೂ ಪೂರ್ಣ ಮೊತ್ತ ಸಲ್ಲುತ್ತದೆ. ಆದರೆ ಪಾಲಾಗದ ಮನೆಯಲ್ಲಿ ಪಹಣಿ ಸಾಮಾನ್ಯವಾಗಿ ಯಜಮಾನನ ಹೆಸರಿನಲ್ಲಿಯೇ ಉಳಿದಿರುತ್ತದೆ. ಒಂದೇ ಒಲೆಯಲ್ಲಿ ಉಂಡು ಒಂದೇ ತೋಟದಲ್ಲಿ ದುಡಿಯುವ ತಮ್ಮಂದಿರು ಆಗ ರೈತರೆನಿಸುವುದಿಲ್ಲ. ಯಜಮಾನ ತೀರಿಕೊಂಡು ಪೌತಿ ಖಾತೆಯಾಗದಿದ್ದರೆ ಇಡೀ ಮನೆಯೇ ಪಟ್ಟಿಯಿಂದ ಹೊರಗುಳಿಯುತ್ತದೆ. 2019ರ ಫೆಬ್ರವರಿ 1ನ್ನು ಭೂದಾಖಲೆಯ ಗಡುವಾಗಿ ನಿಗದಿಪಡಿಸಿದ್ದರಿಂದ, ಆ ಬಳಿಕ ಪಾಲು ಮಾಡಿಕೊಂಡವರಿಗೂ ತೊಡಕುಂಟಾಯಿತು. ವಾರಸಾ ಹಕ್ಕಿನಿಂದ ಬಂದ ಭೂಮಿಗೆ ಮಾತ್ರ ವಿನಾಯಿತಿಯಿತ್ತು. ಪಾಲಾಗದೆ ಕೂಡಿ ಬಾಳುವುದನ್ನು ಹಿರಿಮೆಯೆಂದು ಭಾವಿಸುವ ಸಮಾಜಕ್ಕೆ ಈ ವ್ಯಾಖ್ಯೆ ಅಪರಿಚಿತವಾದುದು.

ಪಹಣಿಯು ಮೂಲತಃ ಕಂದಾಯ ವಸೂಲಿಗಾಗಿ ಬೆಳೆದ ದಾಖಲೆ. 1930ರ ದಶಕದ ಆರಂಭದಲ್ಲಿ ನೆರೆಯ ಸಿದ್ದಾಪುರ ಮತ್ತು ಅಂಕೋಲಾ ತಾಲ್ಲೂಕುಗಳ ರೈತರು ಕರನಿರಾಕರಣೆ ಮಾಡಿದಾಗ ಸರ್ಕಾರವು ಭೂಮಿಯನ್ನು ಮುಟ್ಟುಗೋಲು ಹಾಕಿಕೊಂಡದ್ದೂ ಕಂದಾಯದ ದಾಖಲೆಗಳ ಆಧಾರದಿಂದಲೇ. 1974ರ ಭೂಸುಧಾರಣೆಯ ಬಳಿಕ ಅನೇಕ ಗೇಣಿದಾರರ ಹೆಸರುಗಳು ಅದರಲ್ಲಿ ಸೇರಿದವು. ಇಂದು ಅವರ ಮಕ್ಕಳು ಸಹಾಯಧನಕ್ಕೆ ಅರ್ಹರು. ಗಮನಿಸಬೇಕಾದ ಅಂಶವೆಂದರೆ, ಪಹಣಿಯ 12ನೆಯ ಕಾಲಂ ಸಾಗುವಳಿದಾರನನ್ನು ದಾಖಲಿಸುತ್ತದೆ. ಹಣ ಸಲ್ಲುವುದು 9ನೆಯ ಕಾಲಮಿನ ಸ್ವಾಧೀನದಾರನಿಗೆ.

ಹೀಗಾಗಿ ಮರವೇರುವ ಕೊನೆಗೌಡನಾಗಲಿ, ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿಯಿಡೀ ಅಡಿಕೆ ಸುಲಿಯುವ ಹೆಂಗಸರಾಗಲಿ ಸ್ವಂತ ಭೂಮಿಯಿಲ್ಲದಿದ್ದರೆ ಈ ಲೆಕ್ಕಕ್ಕೆ ಬರುವುದಿಲ್ಲ. ಅಡಿಕೆ ಸುಲಿಯುವ ರಾತ್ರಿಗಳ ಕಥೆ, ಒಗಟುಗಳನ್ನು ಸಂಗ್ರಹಿಸಿದ ಜಾನಪದ ವಿದ್ವಾಂಸರು (ಈ ಮಾತು ಪ್ರಸ್ತುತ ಲೇಖಕರಿಗೂ ಅನ್ವಯಿಸುತ್ತದೆ) ಆ ದುಡಿಮೆಯ ಕೂಲಿಯನ್ನು ಅಷ್ಟೇ ಆಸಕ್ತಿಯಿಂದ ವಿಚಾರಿಸಿದ್ದು ಕಡಿಮೆ.

ಅರಣ್ಯ ಅತಿಕ್ರಮಣದಾರರೆಂದು ಕರೆಯಲ್ಪಡುವ ಸಾಗುವಳಿದಾರರ ಸ್ಥಿತಿ ಇನ್ನೂ ಕಠಿಣವಾದುದು. ಅವರು ಬೆಳೆದ ಅಡಿಕೆ ಶಿರಸಿಯ ಪೇಟೆಯಲ್ಲಿ ಎಲ್ಲರ ಅಡಿಕೆಯಂತೆಯೇ ಮಾರಾಟವಾಗುತ್ತದೆ. ಪಹಣಿಯಲ್ಲಿ ಮಾತ್ರ ಭೂಮಿ ಅರಣ್ಯ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಪಡೆಯಬೇಕಾದರೆ, ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ಸಾಬೀತುಪಡಿಸಬೇಕು. ಅಜ್ಜನ ಕಾಲದ ತೋಟವೆಂದು ಊರೆಲ್ಲ ಬಲ್ಲ ಸಂಗತಿಗೆ ಅವರು ಕಾಗದವನ್ನು ಹುಡುಕುತ್ತಿದ್ದಾರೆ.